ಬೀಗದಕ್ಕನ ಬಲಗೈ

ನಮ್ಮಕ್ಕನ ಬಲಗೈ ಏಟಿನ ರುಚಿ ನೋಡದವರು ನಮ್ಮ ಬೀದಿಯಲ್ಲಿ ಕಡಿಮೆ. ಸುಳ್ಳು ದೂರು ಹೊತ್ತುಕೊಂಡು ಬಂದ ಗಿರಾಕಿಗೆ, ಅಂಗಡಿಯ ಮುಂದೆಯೇ ಹೆಂಡತಿಯ ಜಡೆ ಹಿಡಿದೆಳೆದ ಪಕ್ಕದ ಕಟ್ಟಡದವನಿಗೆ, ಎಲ್ಲರಿಗಿಂತ ಹೆಚ್ಚಾಗಿ ಒಡಹುಟ್ಟಿದ ತಮ್ಮನಾದ ನನಗೆ, ಅದು ಬಿದ್ದಿದೆ. ಈಗ ಆ ಕೈಯಲ್ಲಿ ಉಳಿದಿರುವುದು ಎರಡೇ ಬೆರಳು. ಹೇಗಾಯಿತು ಎಂದು ಕೇಳಿದವರಿಗೆಲ್ಲ ಅವಳು "ಬಾಗಿಲಿಗೆ ಸಿಕ್ಕಿಕೊಳ್ತು" ಎನ್ನುತ್ತಾಳೆ. ಸುಳ್ಳು. ನನ್ನಿಂದ ಆಯಿತು. ಹೇಳಿಬಿಡುತ್ತೇನೆ, ಕೇಳಿ.

ಅಪ್ಪ ಸತ್ತಾಗ ಅಕ್ಕನಿಗೆ ಹತ್ತೊಂಬತ್ತು, ನನಗೆ ಒಂಬತ್ತು. ಬೀಗದ ಅಂಗಡಿಯನ್ನೂ ನನ್ನನ್ನೂ ಒಟ್ಟಿಗೆ ಮೈಮೇಲೆ ಹಾಕಿಕೊಂಡಳು. ಅರ ಹಿಡಿದು ಕೀಲಿ ಉಜ್ಜುತ್ತಲೇ ನನ್ನನ್ನು ಓದಿಸಲು ನೋಡಿದಳು. ನನ್ನ ತಲೆಗೆ ಹತ್ತಲಿಲ್ಲ, ಅದು ಬೇರೆ ಮಾತು. ಮದುವೆಯಾದಳು. ಭಾವ ಒಂದು ಸಲ ಹೊಡೆದ. ಎರಡನೇ ಸಲ ಎತ್ತಿದ ಕೈಯನ್ನು ಇವಳು ಇಕ್ಕಳದಲ್ಲಿ ಹಿಡಿದು ತಿರುಚಿದಳು. ಭಾವ ಕಾಲಿಗೆ ಬುದ್ಧಿ ಹೇಳಿದವನು ಮತ್ತೆ ಈ ಕಡೆ ತಲೆ ಹಾಕಿಲ್ಲ. ಅಂದಿನಿಂದ ಏಟು ತಿಂದು ಮನೆ ಬಿಟ್ಟು ಬಂದ ಯಾವ ಹೆಂಗಸು ಅಂಗಡಿ ಮೆಟ್ಟಿಲು ಹತ್ತಿದರೂ ಅಕ್ಕ ಅದೇ ದಿನ ಹೋಗಿ ಮೂರು ಚಿಲಕದ ಬೀಗ ಕೂರಿಸಿಕೊಟ್ಟು ಬರುತ್ತಿದ್ದಳು. ಅಂಥವರ ನಡುವೆ ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿತ್ತು. ಅಂಥವರ ಗಂಡಂದಿರ ಕಿವಿಗೂ ಬಿದ್ದಿರಬಹುದು ಎಂದು ನಮಗೆ ಹೊಳೆಯಲಿಲ್ಲ.

ನಾವು ಮಾರಿದ ಪ್ರತಿ ಬೀಗಕ್ಕೂ ಒಂದು ನಂಬರ್ ಇದೆ. ಕೀಲಿ ಕಳೆದುಕೊಂಡು ಬಂದರೆ ಆ ನಂಬರ್ ನೋಡಿ ಹೊಸ ಕೀಲಿ ಮಾಡಿಕೊಡುತ್ತೇವೆ. ಅದಕ್ಕೆ ನಂಬರ್, ವಿಳಾಸ ಎರಡೂ ಕಂಪ್ಯೂಟರಿನಲ್ಲಿ ಇರಲೇಬೇಕು. ಹೆಚ್ಚುಕಡಿಮೆ ಎರಡು ಸಾವಿರ ಬಾಗಿಲುಗಳು. ಅಕ್ಕ ಗಿರಾಕಿಗಳ ಹೆಸರು ಬರೆಸುವವಳಲ್ಲ, ಕಸುಬು ಬರೆಸುತ್ತಿದ್ದಳು: ಹಲ್ಲಿನ ಡಾಕ್ಟರು, ಸಿಡುಕು ಮೇಷ್ಟ್ರು, ಹೊಲಿಗೆಯವಳು. ನಾನು ಊರೆಲ್ಲ ತಿರುಗಿ ಬೀಗ ಕೂರಿಸುವವನು, ದಾರಿಯಲ್ಲೇ ಮೊಬೈಲಿನಲ್ಲಿ ಆ ಪಟ್ಟಿ ತೆರೆದು ವಿಳಾಸ ನೋಡಿಕೊಳ್ಳುತ್ತಿದ್ದೆ.

ಹೀಗಿರುವಾಗ ಎದುರಿನ ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿಗೆ ಯಾರೋ ಎಲ್ಲೋ ಕೂತು ಬೀಗ ಜಡಿದರು. ಒಂದು ಫೈಲೂ ತೆರೆಯುತ್ತಿಲ್ಲ, ತೆರೆಯಲು ದುಡ್ಡು ಕೇಳುತ್ತಿದ್ದಾರೆ, ಯಜಮಾನ ತಲೆ ಮೇಲೆ ಕೈ ಹೊತ್ತು ಕೂತ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಬೀಗ ಹಾಕೋದು ನಮ್ಮ ಕಸುಬು ಕಣೋ. ನನ್ನ ಬೀದೀಲಿ ಬಂದು ಅವನ್ಯಾವನು ಬೀಗ ಹಾಕೋನು?"

ಮರುವಾರವೇ ಕೃತಕ ಬುದ್ಧಿಯ ಕಾವಲು ಪ್ರೋಗ್ರಾಂ ಒಂದನ್ನು ಹಾಕಿಸಿದಳು. ಹಾಕಲು ಬಂದ ಹುಡುಗಿ ಬಿಡಿಸಿ ಹೇಳಿದಳು. "ಮೊದಲು ಸ್ವಲ್ಪ ದಿನ ನೀವು ಹೆಂಗೆ ಕೆಲಸ ಮಾಡ್ತೀರ ಅಂತ ಇದು ನೋಡ್ಕೊಳುತ್ತೆ. ಆಮೇಲೆ ಏನಾದ್ರೂ ವಿಚಿತ್ರ ಕಂಡ್ರೆ, ಇದು ನೀವೇನಾ ಅಂತ ಮೊಬೈಲಿಗೆ ಕೇಳುತ್ತೆ. ಅಲ್ಲ ಅಂದ್ರೆ ಆ ಕ್ಷಣವೇ ಪಟ್ಟಿ ಮುಚ್ಚುತ್ತೆ. ನಿಜ ಹೇಳ್ಬೇಕು. ನೀವು ಹೇಳಿದ್ದನ್ನೇ ಅದು ಕಲಿಯೋದು. ಇನ್ನೊಂದು, ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್ ಇಟ್ಕೊಳಿ."

"ಇರೋರು ಅಕ್ಕ ತಮ್ಮ. ಇಬ್ಬರಿಗೂ ಸೇರಿ ನನ್ನ ಹೆಸರೊಂದೇ ಸಾಕು ಬಿಡಮ್ಮ" ಎಂದಳು ಅಕ್ಕ. ಎಚ್ಚರಿಕೆ ಬರುವ ಮೊಬೈಲ್ ಮಾತ್ರ ನನ್ನದು. ಅಕ್ಕನ ಕೈ ಯಾವಾಗಲೂ ಗ್ರೀಸ್.

ಅದಕ್ಕೆ ನಾವು ನಾಯಿ ಎಂದು ಹೆಸರಿಟ್ಟೆವು. ಒಳ್ಳೆಯ ನಾಯಿಯೇ. ಅಕ್ಕ ಅಂಗಡಿಯಲ್ಲಿ ಇರುತ್ತಾಳೆ, ಅವಳ ಹೆಸರಲ್ಲಿ ನಾನು ಊರಾಚೆಯಿಂದ ಪಟ್ಟಿ ತೆರೆಯುತ್ತೇನೆ. ಒಬ್ಬಳೇ ಹೆಂಗಸು ಎರಡು ಕಡೆ ಹೇಗಿದ್ದಾಳೆ ಎಂದು ಅದು ಬೊಗಳದೆ ಇರುತ್ತದೆಯೇ? ದಿನಕ್ಕೆ ಎಂಟು ಸಲ, ಹತ್ತು ಸಲ. "ಇದು ನೀವೇನಾ?" ನಾನು ಓದುವುದನ್ನೇ ಬಿಟ್ಟೆ. ಸದ್ದಾಯಿತೋ, ಹೆಬ್ಬೆರಳಲ್ಲಿ "ಹೌದು, ನಾವೇ" ಒತ್ತುವುದು. ಎರಡು ತಿಂಗಳಲ್ಲಿ ನಾಯಿ ತೆಪ್ಪಗಾಯಿತು. ನಾಯಿಗೆ ಬುದ್ಧಿ ಕಲಿಸಿದೆ ಎಂದು ನಾನು ಮೀಸೆ ತಿರುವಿದೆ, ಮೂರ್ಖ ಶಿಖಾಮಣಿ.

ಇನ್ನೊಂದು ಅಭ್ಯಾಸವಿತ್ತು, ಇದು ಅಕ್ಕನದು. ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಾಗುತ್ತಿತ್ತು, ನಾನು ತಿಂಗಳಿಗೊಮ್ಮೆ ಮರೆಯುತ್ತಿದ್ದೆ. ಬಾಗಿಲಲ್ಲಿ ನಿಂತು "ಅಕ್ಕಾ, ಈ ಸಲ ಏನು?" ಎಂದು ಕೂಗಿದರೆ ಕೀಲಿ ಕತ್ತರಿಸುವ ಮೆಷಿನ್ನಿನ ಕಿರುಚಾಟದ ಮೇಲೆ ಅವಳು ಅರಚುತ್ತಿದ್ದಳು: "ಸುತ್ತಿಗೆ, ಏಳು, ಎಂಟು, ಒಂಬತ್ತು! ತಲೇಲಿ ಮಣ್ಣು ತುಂಬ್ಕೊಂಡಿದೀಯಾ?" ಊರಿನ ಗಟ್ಟಿ ಬೀಗ ಮಾರುವ ಅಂಗಡಿಯ ಕೀಲಿ ಹೀಗೆ ಬೀದಿಗೆಲ್ಲ ಕೇಳುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಂದು ದಿನ ಟೈರ್ ಅಂಗಡಿಯವನೊಬ್ಬ ಶಟರಿನ ಕೀಲಿಗೆ ಜೋಡಿ ಮಾಡಿಸಲು ಬಂದಿದ್ದ. ಉಗುರಲ್ಲೆಲ್ಲ ಕಪ್ಪು, ಮಾತು ಮಾತ್ರ ಬೆಣ್ಣೆ. "ಅವಸರ ಇಲ್ಲ ಅಕ್ಕಾ, ನಿಧಾನಕ್ಕೆ ಮಾಡಿ" ಎಂದು ಮುಕ್ಕಾಲು ಗಂಟೆ ನಿಂತಿದ್ದ. ನಾನು ಕೂಗಿದ್ದೂ ಅಕ್ಕ ಅರಚಿದ್ದೂ ಅವನ ಮುಂದೆಯೇ.

ನಾಲ್ಕು ದಿನ ಬಿಟ್ಟು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಏಣಿ ಮೇಲೆ ನಿಂತು ಶಟರ್ ಸರಿಮಾಡುತ್ತಿದ್ದೆ. ಬಾಯಲ್ಲಿ ಎರಡು ಸ್ಕ್ರೂ. ಮೊಬೈಲ್ ಬಡಿದುಕೊಂಡಿತು. ಬಹಳ ದಿನಕ್ಕೆ ನಾಯಿ ಬೊಗಳಿತ್ತು. ಅದು ಏನು ಬರೆದಿತ್ತು ಎಂದು ಆಮೇಲೆ ಪೊಲೀಸರು ಓದಿ ಹೇಳಿದರು: "ನಿಮ್ಮ ಹೆಸರಲ್ಲಿ ಹೊಸ ಮೊಬೈಲೊಂದು ಆರು ನಿಮಿಷದಲ್ಲಿ ಮುನ್ನೂರು ವಿಳಾಸ ತೆರೆದಿದೆ. ನೀವು ಯಾವತ್ತೂ ಹೀಗೆ ಮಾಡಿಲ್ಲ. ದಯವಿಟ್ಟು ಓದಿ ಉತ್ತರಿಸಿ. ಇದು ನೀವೇನಾ?" ನಾನು ಓದಲಿಲ್ಲ. ಹೆಬ್ಬೆರಳಲ್ಲಿ ಒತ್ತಿದೆ. ಹೌದು, ನಾವೇ.

ಅರ್ಧ ಗಂಟೆ ಕಳೆದು ಮತ್ತೆ ಬೊಗಳಿತು. ಆಗ ಏಣಿ ಇಳಿದಿದ್ದೆ, ಕೈ ಖಾಲಿ ಇತ್ತು, ಓದಿದೆ. ಆ ಹೊಸ ಮೊಬೈಲು ಒಂದೇ ವಿಳಾಸವನ್ನು ಐದು ಸಲ ತೆರೆದಿದೆ, ಈಗ ಆ ವಿಳಾಸದ ಹತ್ತಿರವೇ ಇದೆ. ಹೊಲಿಗೆಯವಳು, ಮೂರನೇ ಮಹಡಿ.

ಹೋದ ತಿಂಗಳು ಕಿವಿಯಿಂದ ರಕ್ತ ಸುರಿಸಿಕೊಂಡು ಬಂದಿದ್ದವಳು. ಗಂಡನಿಗೆ ಟೈರ್ ಅಂಗಡಿ ಇದೆ ಎಂದು ಅವತ್ತೇ ಹೇಳಿದ್ದಳು. ಅಕ್ಕನಿಗೆ ಫೋನ್ ಮಾಡಿ, "ಹೊಸ ಮೊಬೈಲ್ ಏನಾದ್ರೂ ತಗೊಂಡ್ಯಾ?" ಎಂದೆ.

"ಮೊಣಕೈವರೆಗೂ ಗ್ರೀಸ್ ಇದೆ, ಯಾವ ಮೊಬೈಲೋ?"

ಹೇಳಿದೆ. ಆ ಕಡೆ ಮೆಷಿನ್ ನಿಂತ ಸದ್ದು ಕೇಳಿಸಿತು.

ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವಾಗ ಅವಳು ಪೊಲೀಸರಿಗೆ ಹೇಳಿ, ಆಮೇಲೆ ಹೊಲಿಗೆಯವಳಿಗೆ ಹಚ್ಚಿದಳು. "ಬಾಗ್ಲು ತೆಗೀಬೇಡ ಕಣೇ, ಸತ್ರೂ ತೆಗೀಬೇಡ!" ಆ ಕಡೆಯಿಂದ ಉತ್ತರ ನನಗೂ ಕೇಳಿಸಿತು: "ಬಂದಾಗಿದೆ ಅಕ್ಕಾ. ಒಡೀತಾ ಇದಾನೆ."

ಮೆಟ್ಟಿಲಲ್ಲೇ ಕಬ್ಬಿಣ ಮರವನ್ನು ಸೀಳುವ ಸದ್ದು. ಅಕ್ಕಪಕ್ಕದ ಬಾಗಿಲುಗಳೆಲ್ಲ ಭದ್ರ ಮುಚ್ಚಿದ್ದವು. ಒಬ್ಬನಾದರೂ ಹೊರಗೆ ಬಂದಿದ್ದರೆ! ಅವನು ಟೈರ್ ಬಿಚ್ಚುವ ಸಲಾಕೆ ಹಿಡಿದು ಬಾಗಿಲಿಗೆ ಬಡಿಯುತ್ತಿದ್ದ. ಬೀಗ ಒಂದು ಕೂದಲಷ್ಟೂ ಅಲುಗಿರಲಿಲ್ಲ, ಆದರೆ ಮೇಲಿನ ಹಲಗೆ ಒಡೆದಿತ್ತು. ಆ ತೂತಿನಲ್ಲಿ ಎಡಗೈ ತೂರಿಸಿ ಅವಳ ಕೂದಲು ಹಿಡಿದು, ಅವಳ ತಲೆಯನ್ನು ಒಳಗಿನಿಂದ ಬಾಗಿಲಿಗೆ ಚಚ್ಚುತ್ತಿದ್ದ. ಅವಳು ಬಟ್ಟೆ ಕತ್ತರಿಸುವ ಕತ್ತರಿಯಿಂದ ಆ ಕೈಯನ್ನು ಇರಿಯುತ್ತಿದ್ದಳು. ರಕ್ತ ಬಾಗಿಲ ಮೇಲಿಂದ ಹರಿದು ಹೊಸಿಲಿಗೆ ಇಳಿಯುತ್ತಿತ್ತು. ಅವನು ಕೈ ಬಿಡುತ್ತಿರಲಿಲ್ಲ, ಅವಳು ಇರಿಯುವುದನ್ನು ನಿಲ್ಲಿಸುತ್ತಿರಲಿಲ್ಲ.

ಅಕ್ಕ ಅಂಗಡಿಯಿಂದ ಸುತ್ತಿಗೆ ತಂದಿದ್ದಳು. ಅದನ್ನೆತ್ತಿ ಅವನ ಎಡಭುಜಕ್ಕೆ ಹೊಡೆದಳು. ಮೂಳೆ ಮುರಿದದ್ದು ಕೇಳಿಸಿತು. ಅವನು ಕೂದಲು ಬಿಟ್ಟು ತಿರುಗಿದ, ಸಲಾಕೆ ಬೀಸಿದ. ತಲೆಗೆ ಬೀಳಬೇಕಿದ್ದ ಏಟು. ಅಕ್ಕ ಸರಿದಳು, ಸುತ್ತಿಗೆ ಹಿಡಿದ ಕೈ ಮಾತ್ರ ಬಾಗಿಲ ಚೌಕಟ್ಟಿನ ಮೇಲೆ ಉಳಿಯಿತು. ಸಲಾಕೆ ಅದರ ಮೇಲೆ ಬಿತ್ತು. ಒಂದು ಸಲ. ಇನ್ನೊಂದು ಸಲ.

ಆಮೇಲೆ ನಾನು ಅವನ ಮೇಲೆ ಬಿದ್ದೆ. ಅವನ ಕಿವಿ ಕಚ್ಚಿದೆ, ತಲೆಯನ್ನು ನೆಲಕ್ಕೆ ಕುಟ್ಟಿದೆ, ಹಲ್ಲು ಉದುರಿದ ಮೇಲೂ ಗುದ್ದುತ್ತಲೇ ಇದ್ದೆ. ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಆ ಗುಂಡಿ ಕಾಣುತ್ತಿತ್ತು, "ಹೌದು, ನಾವೇ." ಪೊಲೀಸರು ಎಳೆಯದೆ ಇದ್ದಿದ್ದರೆ ಕೊಂದೇಬಿಡುತ್ತಿದ್ದೆ.

ಆಸ್ಪತ್ರೆಯಲ್ಲಿ ಅಕ್ಕನ ಮೂರು ಬೆರಳು ತೆಗೆದರು. ಮಾರನೇ ದಿನ ಇನ್ಸ್‌ಪೆಕ್ಟರ್ ಮೇಡಂ ಒಂದು ಕಾಗದ ತಂದರು. ನಾಯಿ ಬರೆದಿಟ್ಟ ಲೆಕ್ಕ ಅದು, ನಿಮಿಷ ನಿಮಿಷದ್ದು. ಹಾಸಿಗೆಯ ಪಕ್ಕ ಹೊಲಿಗೆಯವಳು ಕೂತಿದ್ದಳು, ಹಣೆಗೆ ಹದಿನಾಲ್ಕು ಹೊಲಿಗೆ.

"ಮೊದಲನೇ ಎಚ್ಚರಿಕೆಗೆ ಇದು ನಾವೇ ಅಂತ ಉತ್ತರ ಹೋಗಿದೆ. ನಿಮ್ಮ ಹೆಸರಲ್ಲಿ ಇದೆ" ಎಂದರು ಮೇಡಂ.

ಹೊಲಿಗೆಯವಳು ಅಕ್ಕನ ಮುಖವನ್ನೇ ನೋಡಿದಳು. ಅಕ್ಕ ನನ್ನ ಕಡೆ ಕಣ್ಣೂ ಹಾಯಿಸಲಿಲ್ಲ. "ನನ್ನ ಹೆಸರಲ್ಲಿದ್ರೆ ನಾನೇ ಒತ್ತಿರ್ಬೇಕು" ಎಂದಳು.

ಹೊಲಿಗೆಯವಳು ಮೆಲ್ಲಗೆ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು. ಆ ಸದ್ದು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ನಾನು ಒತ್ತಿದ್ದು. ಓದದೇ ಒತ್ತಿದೆ" ಎಂದೆ.

ಅವಳು ಎದ್ದು ಬಂದಳು. ಹತ್ತು ವರ್ಷ ಏಟು ತಿಂದು ಹಿಂದಿನ ದಿನದವರೆಗೆ ಒಮ್ಮೆಯೂ ಕೈಯೆತ್ತದಿದ್ದವಳು ನನ್ನ ಕೆನ್ನೆಗೆ ಬಿಟ್ಟಳು. ಮತ್ತೆ ಬಿಟ್ಟಳು. ಕೈ ಸೋತಾಗ ಮುಷ್ಟಿ ಕಟ್ಟಿ ಎದೆಗೆ ಗುದ್ದಿದಳು. ನಾನು ಅಲುಗಲಿಲ್ಲ. ಮೇಡಂ ಬಿಡಿಸಲು ಎದ್ದರೆ ಅಕ್ಕ ಎಡಗೈ ಅಡ್ಡ ಹಿಡಿದಳು. "ಬಿಡಿ ಮೇಡಂ. ನನ್ನ ಪಾಲಿಂದೂ ಅವಳೇ ಕೊಡ್ತಾ ಇದಾಳೆ."

ಈಗ ಅಂಗಡಿಯಲ್ಲಿ ನನಗೆ ಬೇರೆ ಹೆಸರು, ಅಕ್ಕನಿಗೆ ಬೇರೆ. ಪಾಸ್‌ವರ್ಡ್ ಯಾರೂ ಕೂಗುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನಾಯಿಗೆ ಮೊದಲಿಂದ ಎಲ್ಲ ಕಲಿಸಿದೆವು. ಅದು ಮತ್ತೆ ದಿನಕ್ಕೆ ಹತ್ತು ಸಲ ಬೊಗಳಿತು, ಹತ್ತು ಸಲವೂ ಏಣಿ ಇಳಿದು ನಿಂತು ಓದಿದೆ.

ಎರಡು ತಿಂಗಳ ಮೇಲೆ ಹೊಲಿಗೆಯವಳು ಬೇರೆ ಮನೆ ಹಿಡಿದಳು. ಹೊಸ ಬೀಗ ಕೂರಿಸಬೇಕಿತ್ತು. ಬೆಳಿಗ್ಗೆ ಅಕ್ಕ ಎಡಗೈಯಲ್ಲಿ ಸಾಮಾನಿನ ಚೀಲ ಎತ್ತಿಕೊಂಡು ಸ್ಕೂಟರ್ ಹತ್ತಿದಳು. ಒಂದು ತಿರುವಿನಲ್ಲಿ ನಿಲ್ಲಿಸು ಎಂದಳು. ಚೀಲಕ್ಕೆ ಕೈ ಹಾಕಿದೆ.

"ನೀನು ಇಲ್ಲೇ ಇರು" ಎಂದಳು.

"ಒಂದ್ ಕೈಯಲ್ಲಿ ಹೆಂಗೆ ಮಾಡ್ತೀಯಾ ಅಕ್ಕಾ? ಸ್ಕ್ರೂ ಹಿಡ್ಕೊಳೋಕಾದ್ರೂ ಬರ್ತೀನಿ."

"ಬೇಡ. ಅವಳು ಕೇಳ್ಕೊಂಡಿದಾಳೆ, ಮನೆ ಯಾವುದು ಅಂತ ನಿನಗೆ ಗೊತ್ತಾಗೋದು ಬೇಡ ಅಂತ. ನಾನೂ ಹೂಂ ಅಂದಿದೀನಿ."

ಅವಳು ಮೂಲೆ ತಿರುಗಿ ಮರೆಯಾಗುವವರೆಗೆ ನಾನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ನಮ್ಮಕ್ಕ ಆ ಬೀಗವನ್ನು ನಲವತ್ತು ನಿಮಿಷದಲ್ಲಿ ಕೂರಿಸುವವಳು. ಅವತ್ತು ನಾಲ್ಕು ಗಂಟೆ ಹಿಡಿಯಿತು. ನಾನು ಸ್ಕೂಟರ್ ಪಕ್ಕದಲ್ಲಿ ನಿಂತೇ ಇದ್ದೆ.