ಕೊಯ್ತಾದ ಎರಡು ತೂತು

ಬಿಸಿ ಉಕ್ಕಿನ ಮೇಲೆ ಕುಸುಬಿ ಎಣ್ಣೆ ಸುಟ್ಟಾಗ ಏಳುವ ಘಾಟು ಒಂದಿದೆ. ಮೊನ್ನೆ ಅಫಜಲಪುರದ ಬಸ್ ನಿಲ್ದಾಣದ ಎದುರು, ಗೇಟು ಮಾಡುವ ಅಂಗಡಿಯಲ್ಲಿ ಯಾರೋ ದಪ್ಪ ಪಟ್ಟಿಗೆ ತೂತು ಕೊರೆಯುತ್ತಿದ್ದರು, ಅದೇ ಘಾಟು ಮೂಗಿಗೆ ಬಡಿಯಿತು. ಆಳಂದದ ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ಬಾಲ್ಯದ ಮನೆ ಕಳೆದುಕೊಂಡ ನಮ್ಮಂಥವರ ಪಾಡೇ ಇಷ್ಟು, ನಿಮಗೂ ಗೊತ್ತಿರಬೇಕು.

ಭೂಸನೂರಿನ ನಮ್ಮ ಕಂಬಾರರ ಮನೆಯಲ್ಲಿ ಅಡುಗೆಮನೆಗೂ ಕುಲುಮೆಗೂ ನಡುವೆ ಒಂದೇ ಗೋಡೆ. ಅಪ್ಪ ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಕಬ್ಬು ಕಡಿಯುವ ಕೊಯ್ತಾ ಮಾಡುತ್ತಿದ್ದ. ಸಂಜೆ ಅವ್ವ ದೊಡ್ಡ ಸುತ್ತಿಗೆಯಿಂದ ಬಡಿದುಕೊಡುತ್ತಿದ್ದಳು. ಮರುದಿನ ರೊಟ್ಟಿ ಕೆಲಸ ಮುಗಿಸಿ ಬಂದು ತಿದಿ ಒತ್ತುತ್ತಿದ್ದಳು, ಅಪ್ಪ ಕೆಂಪಗೆ ಕಾದ ಕೊಯ್ತಾವನ್ನು ನೀರಿಗೆ ಅದ್ದಿ ಗಟ್ಟಿ ಮಾಡುತ್ತಿದ್ದ. ಒಂದು ಮಳೆಗಾಲದಲ್ಲಿ ಜ್ವರ ಬಂದು ಅಪ್ಪ ತೀರಿಕೊಂಡ. ಸೈಕಲ್ ಅಂಗಡಿ ಇಟ್ಟಿದ್ದ ಅವನ ತಮ್ಮ, ನಮ್ಮ ಕಾಕಾ, ಬಂದು ಕುಳಿತ.

"ವೈನಿ, ಕಬ್ಬಿಣ ಬಡಿಯೂ ಅಡಿಗಲ್ಲು ಗುಜರಿಗೆ ಹಾಕೂನ್ರಿ. ಹೆಣ್ಮಗಳು ಕುಲುಮಿ ಮುಂದ ಕುಂತ್ರ ಮಂದಿ ನಗ್ತಾರ."

"ನಗಲಿ. ಒಂದು ಕೊಯ್ತಾ ಮಾಡ್ತೇನಿ. ಅದು ಕೆಟ್ರ ನೀ ಹೇಳಿದಂಗ," ಅಂದಳು ಅವ್ವ. ಹಟದಲ್ಲಿ ಅವ್ವನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ.

ಆ ಕೊಯ್ತಾ ಮಾದನಹಿಪ್ಪರಗಾದಿಂದ ಕಬ್ಬು ಕಡಿಯಲು ಬಂದಿದ್ದ ರುಕ್ಮವ್ವನಿಗೆ. ಅವ್ವ ಬಡಿದಳು, ಕಾಸಿದಳು, ನೀರಿಗೆ ಅದ್ದಿದಳು, ಅಲಗು ಒಡೆಯದಂತೆ ಹದಕ್ಕೆ ಮತ್ತೆ ಕಾಸಿದಳು. ಕೊನೆಗೆ ಮರದ ಹಿಡಿ ಕೂರಿಸಲು ಕೊಯ್ತಾದ ಬಾಲಕ್ಕೆ ಎರಡು ತೂತು ಹಾಕಲು ಹೋದರೆ ಕೊರೆಯುವ ಬರ್ಮಾ ಚೀರಿತು, ಎಣ್ಣೆ ಸುಟ್ಟಿತು, ಬರ್ಮಾದ ಮೊನೆ ಮೊಂಡಾಯಿತು. ಉಕ್ಕಿನ ಮೇಲೆ ಗೀರೂ ಬೀಳಲಿಲ್ಲ. ಕಾಕಾ ಮೀಸೆಯಲ್ಲೇ ನಕ್ಕ. ಅವ್ವ ಗೋಡೆಯ ಆಚೆಗಿನ ಒಲೆಯ ಕಡೆ ನೋಡಿದಳು.

"ನಾ ರೊಟ್ಟಿ ಬಡಿಯೂ ಹೊತ್ತಿಗೆ ಅವರು ತೂತು ಹಾಕಿ ಇಟ್ಟಿರ್ತಿದ್ರು," ಅಂದಳು ನಿಧಾನವಾಗಿ. ಉಕ್ಕು ಗಟ್ಟಿಯಾಗುವ ಮೊದಲೇ ತೂತು ಹಾಕಬೇಕು. ಇಷ್ಟು ವರ್ಷ ಅದೇ ಕುಲುಮೆಯಲ್ಲಿ ದುಡಿದವಳಿಗೆ ಆ ಒಂದು ಕೆಲಸ ಮಾತ್ರ ಕಾಣದಂತೆ ಮಾಡಿದ್ದು ರೊಟ್ಟಿ. ನನಗೆ ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಅಷ್ಟರಲ್ಲಿ ರುಕ್ಮವ್ವ ಬಂದಳು. "ಯಕ್ಕಾ, ಗಟ್ಟಿ ಇರ್ಲಿ ಅಂದಿದ್ದೆ ಖರೆ. ಇಷ್ಟು ಗಟ್ಟಿ ಯಾಕ ಮಾಡಿದಿ?" ಎಂದು ನಕ್ಕಳು. ಅವ್ವನೂ ನಕ್ಕಳು, ಅಪ್ಪ ಹೋದಮೇಲೆ ಮೊದಲ ಸಲ. ಇಡೀ ಕೊಯ್ತಾ ಮತ್ತೆ ಕಾಸಿದರೆ ಅಲಗಿನ ಹದ ಹೋಗುತ್ತಿತ್ತು. ಅವ್ವ ಅಲಗಿಗೆಲ್ಲ ಹಸಿ ಗೋಣಿ ಸುತ್ತಿದಳು, ಬಾಲವನ್ನಷ್ಟೇ ಬೆಂಕಿಗೆ ಕೊಟ್ಟಳು. ಗೋಣಿ ಆರದಂತೆ ರುಕ್ಮವ್ವ ನೀರು ಹಾಕುತ್ತಾ ಹೋದಳು. ಇಕ್ಕಳ ಹಿಡಿದ ಅವ್ವನಿಗೆ ತಿದಿ ಒತ್ತಲು ಕೈ ಬಿಡುವಿರಲಿಲ್ಲ, ನಾನಿನ್ನೂ ಚಿಕ್ಕವಳು. ಕಾಕಾ ಸ್ವಲ್ಪ ಹೊತ್ತು ನೋಡಿದ, ಅಂಗಿಯ ತೋಳು ಮಡಚಿ ತಿದಿಯ ಹತ್ತಿರ ಬಂದು ಕುಳಿತ. ಒತ್ತತೊಡಗಿದ.

ಬಾಲ ಕೆಂಪಾದ ಮೇಲೆ ಅದನ್ನು ಮೆತ್ತಗಾಗಲೆಂದು ಬಿಸಿ ಬೂದಿಯಲ್ಲಿ ಹೂಳಿಟ್ಟು, ತಾನಾಗಿ ತಣ್ಣಗಾಗುವವರೆಗೂ ಅವ್ವ ಯಾರನ್ನೂ ಮುಟ್ಟಗೊಡಲಿಲ್ಲ. ಬರ್ಮಾಕ್ಕೆ ಹೊಸ ಮೊನೆ ಹಾಕಿ, ಎಣ್ಣೆ ಬಿಟ್ಟು, ಮೈಭಾರವನ್ನೆಲ್ಲ ಕೊಟ್ಟು ತಿರುವಿದಳು. ಈ ಸಲ ಉಕ್ಕು ಸುರುಳಿ ಸುರುಳಿಯಾಗಿ ಎದ್ದಿತು. ಎರಡು ತೂತು, ಎರಡು ಮೊಳೆ. ರುಕ್ಮವ್ವ ಹಿಡಿ ಹಿಡಿದು ಗಾಳಿಯಲ್ಲಿ ಬೀಸಿ ನೋಡಿ, "ಅಲುಗಾಡವಲ್ದು ಯಕ್ಕಾ," ಅಂದಳು. ಗುಜರಿಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಆಮೇಲೆ ಬಹಳ ವರ್ಷ ಅವ್ವ ಕುಲುಮೆ ನಡೆಸಿದಳು. ಹೋದ ಬೇಸಿಗೆಯಲ್ಲಿ ಆಕೆಯನ್ನು ಮಣ್ಣು ಮಾಡಿ ಬಂದೆವು. ನಾನು ಅಳಲಿಲ್ಲ, ಕೆಲಸಗಳಿದ್ದವು, ಬಂದವರಿದ್ದರು. ಮುಪ್ಪಾದ ಕಾಕಾ ಹೊಸ್ತಿಲಲ್ಲಿ ಕುಳಿತು ನನ್ನ ಕೈ ಹಿಡಿದು ಹೇಳಿದ:

"ಅಣ್ಣ ಹೋದಾಗ ಕುಲುಮಿ ಆರಿದ್ದಿಲ್ಲವ್ವ. ಇವತ್ತ ಆರ್ತು."

ನಾನು ಆಗ ಅತ್ತೆ.