ಗುಂಡಿ ತೋಡದ ಚಪ್ಪರ

ನವೆಂಬರ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಆರೂವರೆ. ಸ್ಥಳ, ಜಪಾನಿನ ನೋಮಿ ಎಂಬ ಊರಿನಲ್ಲಿ ನನ್ನ ಮಗಳು ಬಾಡಿಗೆಗಿರುವ ಮನೆಯ ಹಿತ್ತಿಲು. ಹಾಜರಿದ್ದವರು ನಾನು, ಮಗಳು ಶಾಲಿನಿ, ಮತ್ತು ಪ್ಲಾಸ್ಟಿಕ್ ಹೊದಿಕೆಯೊಳಗೆ ಅವಳ ಮೋಟರ್‌ಸೈಕಲ್. ಮೂವರಲ್ಲಿ ಪೂರ್ತಿ ಎಚ್ಚರವಾಗಿದ್ದವಳು ನಾನೊಬ್ಬಳೇ.

ಹಾಜರಿಯಿಂದ ದಿನ ಶುರು ಮಾಡುವುದು ನನ್ನ ಹಳೆಯ ಚಾಳಿ. ಮೈಸೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಜೀವಮಾನ ಕಳೆದವಳು ನಾನು. ಗಂಟೆ ಬಾರಿಸಿ ಎಬ್ಬಿಸುವುದು, ಗಂಟೆ ಬಾರಿಸಿ ಉಣ್ಣಿಸುವುದು, ಗೇಟಿನ ಹತ್ತಿರ ನಿಂತು ‘ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು’ ಎಂದು ಕೇಳುವುದು, ಇಷ್ಟೇ ನನ್ನ ವೃತ್ತಿ. ಈಗ ಎಬ್ಬಿಸಲು ಯಾರೂ ಇಲ್ಲದೆ ನನ್ನನ್ನೇ ಎಬ್ಬಿಸಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ, ಲೋಕವೆಲ್ಲ ದಸರಾ ನೋಡಲು ಮೈಸೂರಿಗೆ ಬರುವ ಹೊತ್ತಿಗೆ ಸರಿಯಾಗಿ, ನಾನು ಮೈಸೂರು ಬಿಟ್ಟು ಮಗಳ ಮನೆಗೆ ಬರುತ್ತೇನೆ. ಅವಳು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ವೀಸಾ ಮುಗಿದಾಗ, ಡಿಸೆಂಬರಿನಲ್ಲಿ, ಹೊರಟುಬಿಡುತ್ತೇನೆ.

ಆ ಶನಿವಾರ ನನಗಿದ್ದ ಆತುರಕ್ಕೆ ಕಾರಣ ಸೋಮವಾರ. ಸೋಮವಾರ ಹಳೆಯ ಗಾಡಿ ಕೊಳ್ಳುವವನೊಬ್ಬ ಬಂದು ಮೋಟರ್‌ಸೈಕಲನ್ನು ಒಯ್ಯುವವನಿದ್ದ. ಹೋದ ಚಳಿಗಾಲದಲ್ಲಿ ಅದು ಬಯಲಿನಲ್ಲೇ ನಿಂತಿತ್ತು. ಈ ಕಡೆಯ ಹಿಮ ಚಿತ್ರಪಟದ ಹಿಮದ ಹಾಗೆ ಹಗುರವಲ್ಲ. ನೆನೆದ ಹತ್ತಿಯ ಹಾಸಿಗೆಯಷ್ಟು ಭಾರ. ಹೊದಿಕೆಯ ಮೇಲೆ ಕೂತು ಕೂತು ಗಾಡಿಯನ್ನೇ ಉರುಳಿಸಿತು. ಬ್ರೇಕಿನ ಹಿಡಿ ಮುರಿಯಿತು, ಚೈನು ತುಕ್ಕು ಹಿಡಿಯಿತು. ಇನ್ನೊಂದು ಚಳಿಗಾಲ ಈ ತಾಪತ್ರಯ ಬೇಡ, ಮಾರಿಬಿಡುತ್ತೇನೆ ಎಂದಳು ಶಾಲಿನಿ. ಭಾನುವಾರದೊಳಗೆ ನಾನೊಂದು ಚಪ್ಪರ ಎಬ್ಬಿಸಿದರೆ, ಎಂದೆ. ಎಬ್ಬಿಸು ನೋಡೋಣ, ಎಂದಳು. ಅಮ್ಮಂದಿರಿಗೆ ಇಂಥ ಮಾತನ್ನು ನಗುತ್ತ ಹೇಳಬಾರದು.

ಹೋಮ್ ಸೆಂಟರಿನಿಂದ ಪೈಪು, ಕ್ಲಾಂಪು, ಅಲೆಯಲೆಯಾದ ಪಾರದರ್ಶಕ ಪ್ಲಾಸ್ಟಿಕ್ ತಗಡು ಎಲ್ಲ ಶುಕ್ರವಾರವೇ ಬಂದಿದ್ದವು. ಅಂಗಡಿಯವರೇ ಎರವಲು ಕೊಟ್ಟ ಪುಟ್ಟ ಟ್ರಕ್ಕಿನಲ್ಲಿ ತಂದೆವು. ಚಪ್ಪರ ನನಗೆ ಹೊಸದಲ್ಲ. ಹಾಸ್ಟೆಲಿನ ಗಣೇಶನಿಗೆ ಪ್ರತಿವರ್ಷ ನಿಂತು ಹಾಕಿಸಿದವಳು. ಹಿಮ ಜಾರಿ ಬೀಳಲೆಂದು ಮಾಡಿನ ಇಳಿಜಾರನ್ನು ಕಡಿದಾಗಿಡಲು ಯೋಚಿಸಿದ್ದೆ. ಬಾಗಿಲು ಪೂರ್ವಕ್ಕೆ. ಅದು ನನಗೆ ವಾಸ್ತು. ಗಾಳಿ ಪಶ್ಚಿಮದ ಸಮುದ್ರದ ಕಡೆಯಿಂದ ಬೀಸುವುದರಿಂದ ಶಾಲಿನಿಗೆ ವಿಜ್ಞಾನ. ಒಂದೇ ಬಾಗಿಲಿನಲ್ಲಿ ಇಬ್ಬರ ಮರ್ಯಾದೆಯೂ ಉಳಿಯಿತು.

ಇನ್ನು ಕಂಬ. ನಮ್ಮಲ್ಲಿ ಮದುವೆ ಎಂದರೆ ಮೊದಲು ಹಂದರಗಂಬ. ಗುಂಡಿ ತೋಡಿ, ಅರಿಶಿನ ಕುಂಕುಮ ಹಾಕಿ, ಕಂಬ ನೆಟ್ಟಮೇಲೆಯೇ ಮಿಕ್ಕ ಮಾತು. ಮನುಷ್ಯ ಎಷ್ಟೇ ತಿರುಗಾಡಿದರೂ ಶುಭಕಾರ್ಯಕ್ಕೆ ಮೊದಲು ನೆಲವನ್ನು ಹಿಡಿದುಕೊಳ್ಳಬೇಕೆಂಬುದು ಅದರ ಅರ್ಥವಿರಬಹುದು. ಬಿರುಗಾಳಿಗೆ ಚಪ್ಪರ ಹಾರಬಾರದೆಂಬ ಅರ್ಥವೂ ಇರಬಹುದು. ಎರಡನ್ನೂ ಒಟ್ಟಿಗೆ ಹೇಳುವ ಜಾಣತನ ಶಾಸ್ತ್ರಗಳಿಗಿದೆ. ನಾನು ಈಶಾನ್ಯದ ಮೂಲೆಯಲ್ಲಿ ಸಲಿಕೆ ಹಾಕಿ ಮೊಣಕಾಲುದ್ದ ತೋಡಿ, ಅರಿಶಿನ ಉದುರಿಸುತ್ತಿದ್ದೆ. ಅಷ್ಟರಲ್ಲಿ ಬೇಲಿಯಾಚೆಯಿಂದ ‘ಸುಮಿಮಾಸೆನ್’, ಕ್ಷಮಿಸಿ, ಎಂದು ಕೇಳಿಸಿತು.

ಕರೆದವರು ಹಯಾಶಿ ಸಾನ್, ನಮ್ಮ ಮಾತಿನಲ್ಲಿ ಹಯಾಶಿಯವರು. ಈ ಮನೆಯ ಒಡತಿ, ಪಕ್ಕದ ಮನೆಯಲ್ಲೇ ವಾಸ. ನನ್ನದೇ ವಯಸ್ಸು, ನನಗಿಂತ ನೆಟ್ಟಗಿನ ಬೆನ್ನು. ಆಯುಧಪೂಜೆಯ ದಿನ ನಾನು ಈ ಗಾಡಿಯ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ, ಯಾರೋ ಬೀಳಿಸಿಕೊಂಡಿದ್ದಾರೆಂದು ತಿಳಿದು, ಅವನ್ನು ತೊಳೆದು ಒರೆಸಿ ಕವರಿನಲ್ಲಿ ಹಾಕಿ ನಮ್ಮ ಬಾಗಿಲಿಗೆ ತೂಗುಹಾಕಿದ್ದವರು ಇವರೇ. ಈಗ ಅವರು ನನ್ನ ಗುಂಡಿಯನ್ನು ನೋಡುತ್ತ, ನಡುನಡುವೆ ತಲೆಬಾಗಿಸುತ್ತ, ಬಹಳ ಹೊತ್ತು ಮೃದುವಾಗಿ ಮಾತಾಡಿದರು. ಏನಂತೆ, ಎಂದು ಮಗಳನ್ನು ಕೇಳಿದೆ.

“ಗುಂಡಿ ಬೇಡವಂತೆ.”

“ಅಷ್ಟು ಹೊತ್ತು ಮಾತಾಡಿದ್ದಕ್ಕೆ ಇಷ್ಟೇನಾ?”

“ಮಿಕ್ಕಿದ್ದೆಲ್ಲ ಸಾರಿ, ಅಮ್ಮ.”

ವಿಷಯ ಇಷ್ಟು. ಬಾಡಿಗೆ ಮನೆಯನ್ನು ಬಿಡುವಾಗ ನೆಲ ಹೇಗಿತ್ತೋ ಹಾಗೇ ಒಪ್ಪಿಸಬೇಕು. ಚಪ್ಪರ ಇಟ್ಟುಕೊಳ್ಳಿ, ನೆಲ ತೋಡಬೇಡಿ. ನಿಯಮವೆಂದರೆ ನನಗೆ ಅರ್ಧ ಭಕ್ತಿ, ಅರ್ಧ ಭಯ. ಮಣ್ಣನ್ನು ವಾಪಸ್ಸು ತುಂಬಿದೆ. ಅರಿಶಿನ ಮಾತ್ರ ಒಳಗೇ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ಚೌಕಟ್ಟು ಎದ್ದು ನಿಂತಿತ್ತು. ನೋಡಲು ಸೊಗಸು. ಗಾಳಿ ಬೀಸಿದ ಕೂಡಲೇ ಒಂದು ಕಾಲೆತ್ತಿತು. ಶಾಲಿನಿ ಪೈಪು ಹಿಡಿದುಕೊಂಡೇ ನಕ್ಕಳು. “ಅಮ್ಮ, ಇದು ಶೆಡ್ ಅಲ್ಲ, ಸೊಳ್ಳೆಪರದೆ. ಬಿಡು, ಸೋಮವಾರ ಅವನು ಬಂದು ತಗೊಂಡು ಹೋಗ್ಲಿ. ನೀನಾದ್ರೂ ಯಾಕಿಷ್ಟು ಹಟ ಮಾಡ್ತೀಯ? ಓಡಿಸೋಳು ನಾನು ತಾನೇ?”

“ಹಿಂದೆ ಕೂರೋಳು ನಾನು.”

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಆ ದಿನ ನನ್ನ ಮೈಯಲ್ಲಿ ಎಂಥದೋ ಹುರುಪು ಹೊಕ್ಕಿತ್ತು. “ಭಾನುವಾರ ನೀನು ಎಲ್ಲಿಗೆ ಅಂತ ಹೇಳದೆ ಕರ್ಕೊಂಡು ಹೋಗ್ತೀಯಲ್ಲ, ನನಗೆ ಅದು ಬೇಕು ಕಣೇ. ನಾನೂ ಕೇಳಲ್ಲ. ಜೀವಮಾನವೆಲ್ಲ ಬೇರೆಯವರನ್ನ ಕೇಳಿದ್ದಾಯ್ತು.”

ಅವಳು ಪೈಪನ್ನು ಬಿಡಲಿಲ್ಲ.

ನಿಜವಾಗಿ ಹೇಳುವುದಾದರೆ ಆ ಭಾನುವಾರಗಳಿಗಾಗಿಯೇ ನಾನು ಚಳಿ, ವಿಮಾನ, ಉಪ್ಪಿಲ್ಲದ ಊಟ ಎಲ್ಲವನ್ನೂ ಸಹಿಸುವುದು. ಸೀರೆ ಮಡಿಸಿಟ್ಟು, ಮಗಳ ಮಳೆಪ್ಯಾಂಟು ತೊಟ್ಟು, ಹೆಲ್ಮೆಟ್ಟು ಹಾಕಿ ಕೂತರೆ ನಾನು ಯಾರ ವಾರ್ಡನ್ನೂ ಅಲ್ಲ. ಕೊಯ್ಲಾದ ಗದ್ದೆಗಳು ಮುಗಿದು ಒಮ್ಮೆಲೇ ಸಮುದ್ರ ಎದ್ದುಬಿಡುತ್ತದೆ. ಕೊಂಬಿನಿ ಎಂಬ, ಹಗಲೂ ರಾತ್ರಿ ತೆರೆದಿರುವ ಪುಟ್ಟ ಅಂಗಡಿಯ ಮುಂದೆ ನಿಂತು ಬಿಸಿ ಕಾಫಿ ಕುಡಿಯುತ್ತೇವೆ. ವಾಪಸ್ಸು ಬರುವ ಹೊತ್ತು ನನಗೇ ಗೊತ್ತಿರುವುದಿಲ್ಲ.

ಚೌಕಟ್ಟಿಗೆ ಭಾರ ಬೇಕಿತ್ತು. ಕಣ್ಣು ಹಾಯಿಸಿದರೆ ಬೇಲಿಯಾಚೆ, ಹಯಾಶಿ ಸಾನರ ಹಿಂಬಾಗಿಲ ಬಳಿ, ನುಣುಪಾದ ದಪ್ಪ ದುಂಡುಕಲ್ಲುಗಳ ಸಾಲು. ಅವು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಪ್ಪಿನಕಾಯಿಯ ಜಾಡಿಯ ಮೇಲೆ ಕಲ್ಲು ಹೇರಿದವಳಿಗೆ ಇನ್ನೊಬ್ಬಳ ಉಪ್ಪಿನಕಾಯಿಯ ಕಲ್ಲು ಕಂಡರೆ ತಿಳಿಯುತ್ತದೆ. ಜಾಡಿಯನ್ನು ಒತ್ತುವಂತೆ ಗಾಳಿಯಲ್ಲಿ ಅಂಗೈ ಒತ್ತಿ ತೋರಿಸಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೊದಲೆಲ್ಲ ಪೀಪಾಯಿಗಟ್ಟಲೆ ಮೂಲಂಗಿ ಹಾಕುತ್ತಿದ್ದರಂತೆ, ಈಗ ಚಿಕ್ಕದೊಂದೇ ಸಾಕು, ಕಲ್ಲುಗಳಿಗೆ ಕೆಲಸವಿಲ್ಲ. ಕೈಗಾಡಿಯಲ್ಲಿ ತಾವೇ ತಳ್ಳಿಕೊಂಡು ಬಂದರು.

ಪ್ರತಿ ಕಂಬದ ಬುಡಕ್ಕೂ ಅಡ್ಡಪೈಪಿನ ಮೇಲೆ ಕಲ್ಲು ಹೇರಿ ಹಗ್ಗ ಬಿಗಿಯಬೇಕು. ಇಲ್ಲಿಯವರು ಚಳಿಗಾಲಕ್ಕೆ ಮೊದಲು ಪೈನ್ ಮರದ ಕೊಂಬೆಕೊಂಬೆಗೂ ಹಗ್ಗದ ಕೊಡೆ ಕಟ್ಟಿ ಹಿಮದ ಭಾರದಿಂದ ಕಾಯುವ ಜನ. ಹಯಾಶಿ ಸಾನರ ಗಂಟು ಆ ವಂಶದ್ದು. ನನ್ನದು ಹೋಲ್ಡಾಲಿನ ಗಂಟು. ರಜೆಗೆ ಊರಿಗೆ ಹೊರಟ ಹುಡುಗಿಯರ ಹಾಸಿಗೆಗಳನ್ನು ಕಟ್ಟಿ ಕಲಿತದ್ದು. ಎರಡು ಮೂಲೆ ಅವರು, ಎರಡು ಮೂಲೆ ನಾನು. ಅವರು ನೀರು ಕುಡಿಯಲು ಹೋದಾಗ ಅವರ ಗಂಟುಗಳನ್ನು ನಾನೊಮ್ಮೆ ಎಳೆದು ನೋಡಿದೆ. ನಾನು ಸ್ಪ್ಯಾನರ್ ತರಲು ಹೋಗಿ ಬಂದಾಗ ನನ್ನ ಗಂಟುಗಳ ಮೇಲೆ ಇನ್ನೊಂದೊಂದು ಗಂಟು ಕೂತಿತ್ತು. ಇಬ್ಬರೂ ಏನೂ ಕಾಣದವರಂತೆ ‘ಅರಿಗಾತೋ’ ಎಂದು ಧನ್ಯವಾದ ಹೇಳಿಕೊಂಡೆವು.

ಮಾಡಿನ ಕೊನೆಯ ತಗಡು ಕೂರಿಸುವಾಗ ಗುಡುಗಿತು. ನಮ್ಮೂರಿನಲ್ಲಿ ಗುಡುಗು ಮಳೆಯ ಡಂಗುರ. ಇಲ್ಲಿ ಚಳಿಗಾಲದ ಹೊಸ್ತಿಲಿನ ಗುಡುಗನ್ನು ಹಿಮವನ್ನು ಎಬ್ಬಿಸುವ ಸದ್ದು ಎನ್ನುತ್ತಾರಂತೆ. ಮಲಗಿದವರನ್ನು ಎಬ್ಬಿಸುವ ಗಂಟೆ ಎಂದರೆ ನನಗೆ ಮೈಯೆಲ್ಲ ಕಿವಿ. ಶಾಲಿನಿ ಓಡಿ ಹೊದಿಕೆ ಕಿತ್ತೆಸೆದಳು. ಅವಳು ಹ್ಯಾಂಡಲ್ ಹಿಡಿದು, ನಾವಿಬ್ಬರು ಮುದುಕಿಯರು ಹಿಂದಿನಿಂದ ತಳ್ಳಿ, ಗಾಡಿಯನ್ನು ಪೂರ್ವದ ಬಾಗಿಲಿನಿಂದ ಒಳಗೆ ಸೇರಿಸುವುದಕ್ಕೂ ಆಲಿಕಲ್ಲು ತಗಡಿನ ಮೇಲೆ ಪಟಪಟನೆ ಬೀಳುವುದಕ್ಕೂ ಸರಿಹೋಯಿತು. ಮೂವರೂ ಒಳಗೇ ನಿಂತು ತಲೆಯೆತ್ತಿ ನೋಡಿದೆವು. ಬಿಳಿಯ ಕಾಳುಗಳು ಇಳಿಜಾರಿನಲ್ಲಿ ಓಡಿ ಓಡಿ ಬೀಳುತ್ತಿದ್ದವು. ಗಾಳಿ ಬಂದು ತಳ್ಳಿತು, ಚಪ್ಪರ ಕಾಲೆತ್ತಲಿಲ್ಲ.

ಶಾಲಿನಿ ಜೇಬಿನಿಂದ ಫೋನ್ ತೆಗೆದು, ಕಾಣದ ವ್ಯಕ್ತಿಗೆ ಹಲವು ಸಲ ತಲೆಬಾಗಿಸುತ್ತ ಮಾತಾಡಿದಳು. ಇದನ್ನು ನನಗೆ ಯಾರೂ ಅನುವಾದಿಸಬೇಕಾಗಲಿಲ್ಲ. ಸೋಮವಾರ ಯಾರೂ ಬರುವುದಿಲ್ಲ.

ಆಗ ಹಯಾಶಿ ಸಾನ್ ಗಾಡಿಯ ಹಿಂದಿನ ಸೀಟನ್ನು ಮೆಲ್ಲಗೆ ತಟ್ಟಿ, ಏನೋ ಚುಟುಕಾಗಿ ಹೇಳಿದರು. ಮಗಳು ನಗು ತಡೆದುಕೊಂಡು ನನ್ನ ಕಡೆ ತಿರುಗಿದಳು. “ಕಲ್ಲಿನ ಬಾಡಿಗೆ ಅಂತೆ, ಅಮ್ಮ. ವಸಂತದಲ್ಲಿ ಗಾಡಿ ಹೊರಗೆ ಬಂದಾಗ ಮೊದಲ ಭಾನುವಾರ ಅವರದಂತೆ.”

ವಸಂತದಲ್ಲಿ ನಾನು ಮೈಸೂರಿನಲ್ಲಿರುತ್ತೇನೆ. ಒಂದು ಕ್ಷಣ ನನ್ನ ಮುಖ ಗೇಟಿನ ಹತ್ತಿರ ನಿಂತ ವಾರ್ಡನ್ನಿನದಾಗಿರಬೇಕು. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂಬ ಎರಡೂ ಪ್ರಶ್ನೆ ನಾಲಿಗೆಯ ತುದಿಗೆ ಬಂದಿದ್ದವು. ನುಂಗಿಕೊಂಡೆ. ಹಿಂದಿನ ಸೀಟು ಖಾಲಿ ಓಡಾಡುವುದಕ್ಕಿಂತ, ನಾನು ಮತ್ತೆ ಬರುವವರೆಗೆ ಯಾರಾದರೂ ಬೆಚ್ಚಗೆ ಇಟ್ಟಿರುವುದು ಒಳ್ಳೆಯದು.

ಒಳಗೆ ಹೋಗಿ ನನ್ನ ಹೆಲ್ಮೆಟ್ಟು ತಂದೆ. ಹಯಾಶಿ ಸಾನರ ಗಲ್ಲ ನನ್ನದಕ್ಕಿಂತ ತುಸು ಅಗಲ. ಪಟ್ಟಿಯನ್ನು ಅಷ್ಟೇ ಸಡಿಲಿಸಿ, ಚೀಲದಲ್ಲಿ ಹಾಕಿ, ಈಶಾನ್ಯದ ಕಂಬದ ಕೊಕ್ಕೆಗೆ ತೂಗುಹಾಕಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.