ಖಾಲಿ ಕಾಗದದಿಂದ ಶುರು

ಚಾಚಿಯ ಬಲಗೈಯ ತೋರುಬೆರಳಿಗೆ ಮಾತ್ರ ಮದರಂಗಿಯ ಬಣ್ಣ ನಿಲ್ಲುತ್ತಿರಲಿಲ್ಲ. ಆ ಒಂದೇ ಬೆರಳಲ್ಲಿ ಅವರು ದಿನವಿಡೀ ಕೀಬೋರ್ಡ್ ಕುಟ್ಟುತ್ತಿದ್ದರು. ಕೆಂಪೆಲ್ಲ ಅಕ್ಷರಗಳ ಪಾಲಾಯಿತು ಎಂದು ನಾನು ರೇಗಿಸುತ್ತಿದ್ದೆ.

ಪುಲಿಕೇಶಿನಗರದ ಒಂದು ಗಲ್ಲಿಯಲ್ಲಿ ಅವರ ಸೈಬರ್ ಕೆಫೆ. ಎಲ್ಲರೂ ಅವರನ್ನು ಚಾಚಿ ಎನ್ನುತ್ತಿದ್ದರು, ಕಲಬುರಗಿಯಿಂದ ಬಂದು ಬಾಣಸವಾಡಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ನಾನೂ. ಮಧ್ಯಾಹ್ನದ ಬಿಸಿಲು ಹಸಿರು ಪರದೆಯಲ್ಲಿ ಸೋಸಿ ಬಂದು ಒಳಗೆಲ್ಲ ಕೊಳದ ನೀರಿನಂತೆ ತುಂಬಿಕೊಳ್ಳುತ್ತಿತ್ತು. ಫ್ಯಾನಿನ ಗಾಳಿಗೆ ಪರದೆ ಅಲುಗಿದರೆ ಗೋಡೆಯೂ ಅಲುಗಿದ ಹಾಗೆ. ಅಲ್ಲಿ ಕೂತರೆ ಮಸ್ಕತ್ತು ಪಕ್ಕದ ಬೀದಿಯಲ್ಲೇ ಇರಬೇಕು ಅನ್ನಿಸುತ್ತಿತ್ತು.

ಮಸ್ಕತ್ತಿನಲ್ಲಿ ನನ್ನ ಅಕ್ಕ ನರ್ಸ್. ಅಮ್ಮ ತೀರಿಕೊಂಡಾಗ ಅವಳಿಗೆ ರಜೆ ಸಿಗಲಿಲ್ಲ. ಮಣ್ಣಿಗೆ ಬರಲಾಗದ ಸಂಕಟಕ್ಕೆ ಮಾತನ್ನೇ ಬಿಟ್ಟಳು. ಫೋನ್ ಎತ್ತಲಿಲ್ಲ, ಈಮೇಲಿಗೆ ಉತ್ತರವಿಲ್ಲ. ನನಗೆ ಉಳಿದಿದ್ದವಳು ಅವಳೊಬ್ಬಳೇ. ದಿನಾ ಬಂದು ಇನ್‌ಬಾಕ್ಸ್ ತೆರೆಯುವುದು, ಏನೂ ಇಲ್ಲದ್ದನ್ನು ನೋಡಿ ಒಂದು ಸಾಲೂ ಬರೆಯದೆ ಎದ್ದು ಹೋಗುವುದು, ಇದೇ ನನ್ನ ಕೆಲಸವಾಯಿತು.

ಚಾಚಿ ಗಮನಿಸುತ್ತಲೇ ಇದ್ದರು. "ಅರೆ ಬೇಟಿ, ಖಾಲಿ ಡಬ್ಬ ನೋಡಿದ್ಮೇಲೆ ಬರಿಯಕ್ಕೆ ದಿಲ್ ಎಲ್ಲಿಂದ ಬರ್ತದೆ? ಪೈಲೇ ಬರಿ, ಆಮೇಲೆ ನೋಡು" ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. ಈಮೇಲ್ ಪ್ರೋಗ್ರಾಮಿಗೆ ಇನ್ನೊಂದು ಐಕಾನ್ ಮಾಡಿ, ಅದರೊಳಗೆ ಪ್ರೋಗ್ರಾಮಿನ ಹೆಸರಿಗೆ, ತೆರೆದೊಡನೆ ಏನು ಮಾಡಬೇಕೆಂದು ಹೇಳುವ ಒಂದು ಬಾಲ ಅಂಟಿಸಿದರು: ಓರೆಗೀಟು, ಒಂದೆರಡು ಪದ, ಕೊನೆಗೆ ಅಕ್ಕನ ಈಮೇಲ್ ವಿಳಾಸ. ಐಕಾನ್ ಒತ್ತಿದೆ. ಇನ್‌ಬಾಕ್ಸ್ ಬರಲಿಲ್ಲ. ಅಕ್ಕನ ವಿಳಾಸ ಹೊತ್ತ ಖಾಲಿ ಕಾಗದ ತಾನಾಗಿ ತೆರೆದುಕೊಂಡಿತು.

"ಇನ್ಮೇಲೆ ಹಿಂಗೇ ಶುರು ಆಗ್ತದೆ" ಎಂದರು ಚಾಚಿ.

ಎದುರಿಗೆ ಕಾಗದವಿದ್ದರೆ ಏನಾದರೂ ಬರೆಯದೆ ಇರಲಾಗದು. ಬೆಕ್ಕು ಮರಿ ಹಾಕಿದ್ದು, ರೊಟ್ಟಿ ಸೀದುಹೋದದ್ದು, ಅಮ್ಮನ ಸೀರೆ ಉಟ್ಟಿದ್ದು. ಬೇಸಿಗೆ ಹೋಗಿ ಮಳೆ ಬಂತು. ಒಂದು ಮಧ್ಯಾಹ್ನ ಬರೆದು ಮುಗಿಸಿ ಇನ್‌ಬಾಕ್ಸ್ ತೆರೆದರೆ ಅಕ್ಕನ ಒಂದೇ ಸಾಲು: "ಬೆಕ್ಕಿನ ಮರಿ ದೊಡ್ಡವ ಆಗ್ಯಾವೇನ?" ನಾನು ಗೊಳೋ ಎಂದು ಅತ್ತೆ. "ಕೀಬೋರ್ಡ್ ನೆಂದ್ರೆ ಹಾಳಾಗ್ತದೆ, ಆ ಕಡೆ ತಿರುಗಿ ಅಳು" ಎಂದು ಗದರಿದ ಚಾಚಿ ಚಹಾ ತರಿಸಿದರು.

ನಾನು ಸ್ವಂತ ಕಂಪ್ಯೂಟರ್ ಕೊಂಡಾಗಲೂ ಅವರೇ ಕೋಣೆಗೆ ಬಂದು ಆ ಬಾಲ ಅಂಟಿಸಿಕೊಟ್ಟರು. ಅಕ್ಕ ಅವರನ್ನು ಕಂಡವಳಲ್ಲ. ಆದರೂ ಪ್ರತಿ ಸಲ ಕೊನೆಗೆ "ನಿಮ್ಮ ಚಾಚಿ ಹ್ಯಾಂಗಿದ್ದಾರ?" ಎಂದು ಕೇಳುತ್ತಿದ್ದಳು.

ಚಾಚಿಯನ್ನು ಮಣ್ಣು ಮಾಡಿದ ದಿನ ಕೋಣೆಗೆ ಬಂದು, ಏನೂ ತೋಚದೆ ಕಂಪ್ಯೂಟರ್ ಮುಂದೆ ಕೂತೆ. ಬರೆಯುವ ಮನಸ್ಸಿರಲಿಲ್ಲ. ಅಭ್ಯಾಸದಂತೆ ಐಕಾನ್ ಒತ್ತಿದೆ. ಖಾಲಿ ಕಾಗದ ತೆರೆದುಕೊಂಡು ಕಾಯತೊಡಗಿತು. "ಅಕ್ಕಾ, ನಮ್ಮ ಚಾಚಿ ಹೋದ್ರು" ಎಂದು ಒಂದೇ ಬೆರಳಲ್ಲಿ ಬರೆದೆ.